ಮುಂದೂಡಿದಿರಿ ಸರಿ, ಯಾವ ದಿನಕ್ಕೆ?

ಮೇಲಿನ ಬೀದಿಯಿಂದ ಕೆಳಗಿನ ಬೀದಿಗೆ ಐವತ್ತೆರಡು ಮೆಟ್ಟಿಲು. ಕೈಯಾಸರೆಗೆ ಒಂದು ಕಂಬಿಯೂ ಇರಲಿಲ್ಲ. ಕಂಬಿ ಹಾಕಿಸಿ ಎಂದು ಊರಸಭೆಗೆ ಅರ್ಜಿ ಬರೆದವರು ಅಂಚೆಯಣ್ಣ. ಅರ್ಜಿ ಕೊಟ್ಟ ಹನ್ನೊಂದನೆಯ ದಿನ ಒದ್ದೆ ಮೆಟ್ಟಿಲ ಮೇಲೆ ಕಾಲು ಜಾರಿ, ಕಾಗದದ ಚೀಲದ ಸಮೇತ ಬಿದ್ದವರು ಮತ್ತೆ ಏಳಲಿಲ್ಲ. ದೇವರು ಅವರನ್ನು ಕರೆದುಕೊಂಡ.

ಅವರ ಹೆಂಡತಿ ಹೊಲಿಗೆಯವಳು. ಮೂರು ವಾರ ಮುಚ್ಚಿಟ್ಟಿದ್ದ ಯಂತ್ರವನ್ನು ಊರಸಭೆ ಸೇರುವ ದಿನ ಮಧ್ಯಾಹ್ನವಷ್ಟೇ ತೆರೆದು ಕೂತಿದ್ದಳು. ನಾದಿನಿಗೆ ಕಣ್ಣು ಮಂಜು. ಆದರೂ ದಿನವೂ ಅದೇ ಮೆಟ್ಟಿಲಿಳಿದು ನೂಲು ಸುತ್ತುವ ಕೆಲಸಕ್ಕೆ ಹೋಗುವವಳು. ಅವಳು ಮನೆ ಸೇರುವವರೆಗೆ ಹೊಲಿಗೆಯವಳ ಜೀವ ಕೈಯಲ್ಲಿರುತ್ತಿತ್ತು. ಅಂದು ರಜೆ, ಪಕ್ಕದಲ್ಲೇ ಕೂತಿದ್ದಳು.

ಪಕ್ಕದ ಮನೆಯ ನಡಾವಳಿ ಅಕ್ಕ ಒಳಗೆ ಬಂದಳು. ಊರಸಭೆಯಲ್ಲಿ ನಡೆದದ್ದನ್ನೆಲ್ಲ ಮೂವತ್ತು ವರ್ಷ ಪುಸ್ತಕಕ್ಕೆ ಬರೆದು ನಿವೃತ್ತಳಾದವಳು, ಅದಕ್ಕೇ ಆ ಹೆಸರು.

“ಸಂಜೆ ಸಭೆಗೆ ಬರ್ತೀಯಲ್ಲಮ್ಮಾ?”

“ಬಂದು ಏನು ಮಾಡ್ಲಿ ಅಕ್ಕ? ಅವರಿಗೆ ಗೌರವ ಅಂತ ಸಭೆ ಮುಂದೂಡ್ತಾರಂತೆ. ಅಧ್ಯಕ್ಷರೇ ಮನೆಗೆ ಬಂದು ಹೇಳಿದ್ರು. ಅವರ ಕಣ್ಣಲ್ಲೂ ನೀರಿತ್ತು.”

“ಯಾವ ದಿನಕ್ಕೆ ಮುಂದೂಡ್ತಾರಂತೆ?”

“ಸತ್ತವರಿಗೆ ಮಾಡೋ ಗೌರವಕ್ಕೆ ಯಾರಾದ್ರೂ ತಾರೀಕು ಕೇಳ್ತಾರಾ?”

“ಕೇಳ್ಲೇಬೇಕು. ದಿನ ಹೇಳದೆ ಮುಂದೂಡಿದ್ರೆ, ನಮ್ಮೂರ ನಿಯಮದಲ್ಲಿ ಆ ಸಭೆ ಅಲ್ಲಿಗೇ ಮುಗೀತು. ಪಟ್ಟಿಯಲ್ಲಿದ್ದದ್ದೆಲ್ಲ ಬಿದ್ದುಹೋಗುತ್ತೆ. ಮತ್ತೆ ಹೊಸ ಅರ್ಜಿ, ಮುಂದಿನ ವರ್ಷದ ಸಭೆ.”

ಹೊಲಿಗೆಯವಳ ಕಾಲು ಯಂತ್ರದ ಮೇಲೆ ನಿಂತುಬಿಟ್ಟಿತು. “ಹಾಗಾದ್ರೆ ಕಂಬಿ?”

“ಅದೂ ಪಟ್ಟಿಯಲ್ಲೇ ಇದೆ. ಆರನೇದು.”

“ಅಣ್ಣನ ಹೆಸರು ಹೇಳ್ಕೊಂಡು ಅಣ್ಣನ ಅರ್ಜಿಯನ್ನೇ ಹೂತುಬಿಡ್ತಾರಾ?” ಎಂದಳು ನಾದಿನಿ.

“ಬೇಕಂತ ಅಲ್ಲ ಕಣಮ್ಮ. ಒಳ್ಳೆ ಮನಸ್ಸಿನ ಜನ. ದುಃಖದಲ್ಲಿ ತಾರೀಕು ಮರೀತಾರೆ.”

“ಅಧ್ಯಕ್ಷರು ಮುಂದೂಡ್ತೀನಿ ಅಂದ್ಮೇಲೆ ನನ್ನ ಮಾತು ಯಾರು ಕೇಳ್ತಾರಕ್ಕ?” ಎಂದಳು ಹೊಲಿಗೆಯವಳು.

“ಅವರೊಬ್ಬರು ಅಂದ್ರೆ ಆಗಲ್ಲ. ಒಬ್ಬರು ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು, ಆಮೇಲೆ ಸಭೆ ಕೈ ಎತ್ತಬೇಕು. ಅದಕ್ಕೆ ಮುಂಚೆ ಯಾರು ಬೇಕಾದ್ರೂ ಎದ್ದು ಕೇಳಬಹುದು. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಅಂತ. ಎಲ್ಲರೂ ಎದ್ದು ಹೋದ್ಮೇಲೆ ಖಾಲಿ ಕುರ್ಚಿಗಳ ಹತ್ರ ಮಾತಾಡಬೇಕಷ್ಟೆ.”

“ನೀವೇ ಕೇಳಿಬಿಡಿ.”

“ನಾನು ಕೇಳಿದ್ರೆ ‘ಈ ಮುದುಕಿಗೆ ಕರುಣೆ ಇಲ್ಲ’ ಅಂತಾರೆ. ನೀನು ಕೇಳಿದ್ರೆ ಎದುರು ಯಾರು ಬಾಯಿ ತೆಗೀತಾರೆ?”

ಸಂಜೆ ಸಭಾಂಗಣ ತುಂಬಿತ್ತು. ಎಲ್ಲರೂ ಎದ್ದು ಎರಡು ನಿಮಿಷ ಮೌನವಾಗಿ ನಿಂತರು. ಆಮೇಲೆ ಬೇಕರಿಯವರು, “ಅಂಚೆಯಣ್ಣನ ಗೌರವಾರ್ಥ ಸಭೆ ಮುಂದೂಡಬೇಕು” ಎಂದು ಸೂಚಿಸಿದರು. ಕ್ಷೌರದಂಗಡಿಯವರು ಅನುಮೋದಿಸಿದರು. “ಒಪ್ಪುವವರು ಕೈ...” ಎಂದು ಅಧ್ಯಕ್ಷರು ಶುರುಮಾಡಿದರು.

ನಾದಿನಿ ಮೊಣಕೈಯಿಂದ ತಿವಿದಳು. ಹೊಲಿಗೆಯವಳು ಮನಸ್ಸಿನಲ್ಲೇ ದೇವರನ್ನು ನೆನೆದು ಎದ್ದಳು.

“ಅಧ್ಯಕ್ಷರೇ, ಒಂದು ಮಾತು. ನಮ್ಮ ಯಜಮಾನರಿಗಾಗಿ ನೀವೆಲ್ಲ ಎದ್ದು ನಿಂತ್ರಿ. ಅದನ್ನ ನಾನು ಮರೆಯಲ್ಲ. ಆದ್ರೆ ವಿಳಾಸ ಇಲ್ಲದ ಕಾಗದ ಯಾರಿಗೂ ಮುಟ್ಟಲ್ಲ ಅಂತಿದ್ರು ಅವರು. ದಿನ ಇಲ್ಲದ ಸಭೆಯೂ ಹಾಗೇ ಅಲ್ವಾ? ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಅಂತ ಈಗಲೇ ಸೇರಿಸಿ. ಕಂಬಿ ವಿಷಯ ಮೊದಲು ತಗೊಳ್ಳಿ. ನಾಳೆ ಬೆಳಿಗ್ಗೆ ನನ್ನ ನಾದಿನಿ ಅದೇ ಮೆಟ್ಟಿಲು ಇಳೀಬೇಕು.”

“ಅಯ್ಯೋ, ನಮಗೆ ಹೊಳೀಲೇ ಇಲ್ವಲ್ಲಮ್ಮಾ!” ಎಂದು ಬೇಕರಿಯವರು ತಲೆ ಚಚ್ಚಿಕೊಂಡರು. ತಾವೇ ತಮ್ಮ ಸೂಚನೆಯನ್ನು ತಿದ್ದಿದರು: ಬರುವ ಗುರುವಾರ, ಸಂಜೆ ಆರು ಗಂಟೆ, ಇದೇ ಸಭಾಂಗಣ, ಮೊದಲ ವಿಷಯ ಕಂಬಿ. ಕೈಗಳೆಲ್ಲ ಮೇಲೆದ್ದವು. ಜನ ಹೊರಡತೊಡಗಿದರೂ ನಡಾವಳಿ ಅಕ್ಕ ಮಾತ್ರ ಕೂತಲ್ಲಿಂದ ಕದಲಲಿಲ್ಲ. “ಬರ್ಕೊಂಡ್ರಾ? ಒಂದು ಸಲ ಓದಿ ಹೇಳಿ” ಎಂದು ಈಗಿನ ಗುಮಾಸ್ತರಿಂದ ಓದಿಸಿಯೇ ಎದ್ದಳು.

ಗುರುವಾರ ಇಡೀ ಬೀದಿಯೇ ಹೋಯಿತು. ಕಾಲು ಗಂಟೆಯಲ್ಲಿ ಕಂಬಿಗೆ ಒಪ್ಪಿಗೆ ಸಿಕ್ಕಿತು. ತಿಂಗಳು ತುಂಬುವುದರೊಳಗೆ ನಾದಿನಿ ಮೊದಲ ಮೆಟ್ಟಿಲಲ್ಲಿ ನಿಂತು, ತಣ್ಣನೆಯ ಕಬ್ಬಿಣವನ್ನು ಬಿಗಿಯಾಗಿ ಹಿಡಿದು, “ಅತ್ತಿಗೆ, ಇನ್ನು ನೀವು ಒಳಗೆ ಹೋಗಿ” ಎಂದಳು. ಹೊಲಿಗೆಯವಳು ಅವಳು ಕೆಳಗೆ ತಲುಪುವವರೆಗೂ ನಿಂತು ನೋಡಿ, ಕಣ್ಣೊರೆಸಿಕೊಂಡು ಒಳಗೆ ಹೋದಳು.

ಬಂಧುಗಳೇ, ಸಭೆಯನ್ನು ಮುಂದೂಡುವುದು ತಪ್ಪಲ್ಲ. ದಿನ ಗೊತ್ತುಮಾಡದೆ ಎದ್ದು ಬರುವುದು ನಮ್ಮ ತಪ್ಪು. ನಿಮ್ಮ ಊರಿನ ನಿಯಮ ಏನೆಂದು ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ಕೈ ಎತ್ತುವ ಮುಂಚೆ ದಿನ, ಗಂಟೆ, ಸ್ಥಳ ಕೇಳಿ. ಬರೆದದ್ದನ್ನು ಓದಿಸಿ. ಆ ದಿನ ನೆರೆಯವರನ್ನೂ ಕರೆದುಕೊಂಡು ತಪ್ಪದೆ ಹೋಗಿ. ಅಂಜಿಕೆಯಾದರೂ ಎದ್ದು ನಿಲ್ಲಿ. ಕೇಳಬೇಕಾದದ್ದು ಒಂದೇ ಉಸಿರಿನ ಮಾತು.