ನಾಯಕನ ಮುಖದ ಅಚ್ಚು

ನೌಕೆಯೊಳಗೆ ಕಾಮರೂಪಿಯೊಬ್ಬ ಸೇರಿಕೊಂಡಿದ್ದಾನೆ. ಯಾತ್ರಿಕರಲ್ಲಿ ಯಾರ ರೂಪವನ್ನು ತಾಳಿದ್ದಾನೆಂಬುದು ಯಾರಿಗೂ ತಿಳಿಯದು. ಅಂತರಿಕ್ಷದ ಆ ಟಿವಿ ಧಾರಾವಾಹಿಯ ಹೊಸ ಕಂತಿನ ಕಥೆ ಅದು. ಕೊನೆಯಲ್ಲಿ ನೌಕೆಯ ಕ್ಯಾಪ್ಟನ್ನನೆದುರು ಅವನದೇ ಮುಖದ ಇನ್ನೊಬ್ಬ ಬಂದು ನಿಲ್ಲಬೇಕಾಗಿತ್ತು. ಅದಕ್ಕೆ ಮುಖವಾಡ ಬೇಕು. ಮುಖವಾಡಕ್ಕೆ ಕ್ಯಾಪ್ಟನ್ ಪಾತ್ರದ ನಾಯಕನಟನ ಮುಖದ ಅಚ್ಚು ಬೇಕು. ಆ ಕೆಲಸ ಮೇಕಪ್ ಕೋಣೆಯ ಅಕ್ಕನ ಪಾಲಿಗೆ ಬಂತು.

ಎಲ್ಲರೂ ಆಕೆಯನ್ನು ಅಕ್ಕ ಎನ್ನುತ್ತಿದ್ದರು. ನಿಜಕ್ಕೂ ಆಕೆ ಅಕ್ಕನಾಗಿದ್ದುದು ಒಬ್ಬನಿಗೆ ಮಾತ್ರ: ನಾಯಕನಟನ ಡೂಪಾಗಿ, ಆತನ ಬದಲಿಗೆ ಬಿದ್ದು, ಉರುಳಿ, ಒದೆ ತಿನ್ನುತ್ತಿದ್ದ ತಮ್ಮನಿಗೆ. ಹಿಂದಿನ ಕಂತಿನ ಕಥೆಯ ಗುಟ್ಟು ಪ್ರಸಾರಕ್ಕೆ ಮುನ್ನವೇ ಪತ್ರಿಕೆಯೊಂದರಲ್ಲಿ ಬಯಲಾದಾಗ, ಮಾರಿದವನು ಈ ಡೂಪೇ ಎಂದು ನಾಯಕನಟ ಎಲ್ಲರೆದುರು ಬೊಟ್ಟು ಮಾಡಿದ. ಸಾಕ್ಷಿ ಕೇಳಿದವರಿಲ್ಲ. ತಮ್ಮನನ್ನು ಅಂದೇ ಹೊರಹಾಕಿದರು. ಬೇರಾವ ಸ್ಟುಡಿಯೋದ ಬಾಗಿಲೂ ಅವನಿಗೆ ತೆರೆಯಲಿಲ್ಲ. ಅವನ ಹೆಸರಿನ ಮಸಿ ತೊಳೆದೇ ತೀರುವೆನೆಂದು ಅಕ್ಕ ದೇವರೆದುರು ಸಂಕಲ್ಪಿಸಿದ್ದಳು. ಅಷ್ಟೇ ಅಲ್ಲ, ಮಸಿ ಬಳಿದವನ ನಿದ್ದೆಯನ್ನೂ ಅವಳಿಗೆ ಕೆಡಿಸಬೇಕಾಗಿತ್ತು.

"ಉಸಿರು ಕಟ್ಟಲ್ಲ ತಾನೆ ಅಕ್ಕ?" ಎಂದ ನಾಯಕನಟ, ಕುರ್ಚಿಗೆ ಒರಗುತ್ತ.

"ಮೂಗಿನ ಹೊಳ್ಳೆ ಬಿಟ್ಟೇ ಬಳಿಯೋದು ಸಾರ್. ಮಾತಾಡೋ ಹಾಗಿಲ್ಲ, ಅಷ್ಟೆ."

"ಸುಮ್ನಿರೋದು ನನ್ನಿಂದ ಆಗೋ ಕೆಲಸವಾ?"

"ಇವತ್ತು ಆಗತ್ತೆ."

ತಣ್ಣನೆಯ ಲೇಪವು ಹಣೆ, ರೆಪ್ಪೆ, ತುಟಿಗಳನ್ನು ಮುಚ್ಚಿತು. ಅದರ ಮೇಲೆ ಒದ್ದೆ ಪ್ಲಾಸ್ಟರ್ ಪಟ್ಟಿಗಳು ಕುಳಿತವು. ಆ ಮುಖದಲ್ಲಿ ಇನ್ನು ಜೀವಂತವಾಗಿದ್ದುದು ಎರಡು ಹೊಳ್ಳೆಗಳು ಮಾತ್ರ. ಅವುಗಳ ಅಂಚನ್ನು ಸವರುತ್ತಿದ್ದ ಅವಳ ಹೆಬ್ಬೆರಳು ಅರೆಕ್ಷಣ ಅಲ್ಲಿಯೇ ನಿಂತಿತು. ಬಳಿಕ ಕೈ ಹಿಂತೆಗೆದು, ಅವನ ಕಿವಿಯ ಬಳಿ ಬಾಗಿದಳು.

"ನನ್ನ ತಮ್ಮ ಗುಟ್ಟು ಮಾರಿಲ್ಲ ಸಾರ್. ಮಾರಿದ್ದು ಯಾರು ಅಂತ ನಂಗೊತ್ತು. ದಿನಾ ನಿಮ್ಮ ಪಕ್ಕದಲ್ಲೇ ಇರ್ತಾರೆ. ನೀವು ಅವ್ರನ್ನ ತುಂಬಾ ನಂಬ್ತೀರಿ."

ಅವನ ಕೈ ಥಟ್ಟನೆ ಮೇಲೆದ್ದಿತು.

"ಯಾರು ಅಂತಿದ್ದೀರೋ, ತೆಗಿ ಅಂತಿದ್ದೀರೋ, ತಿಳೀತಿಲ್ಲ. ಇನ್ನೂ ಗಟ್ಟಿಯಾಗಿಲ್ಲ, ಸ್ವಲ್ಪ ತಾಳಿ."

ಅಚ್ಚು ಕಳಚಿದೊಡನೆ ಅವನು ಕೇಳಿದ್ದು, "ಯಾರದು?"

"ತಪ್ಪಾಯ್ತು ಅಂತ ಎಲ್ಲರೆದುರು ಹೇಳಿ, ನನ್ನ ತಮ್ಮನ್ನ ವಾಪಸ್ ಕರೆಸಿ. ಆಮೇಲೆ ಹೇಳ್ತೀನಿ."

"ಆ ಮಾತು ನನ್ನ ಬಾಯಲ್ಲಿ ಬರಲ್ಲ."

"ಹಾಗಾದ್ರೆ ಯೋಚ್ನೆ ಮಾಡ್ತಾ ಇರಿ."

ಅವನು ಯೋಚಿಸಿದ. ಮೊದಲು ಕೆಲಸ ಕಳೆದುಕೊಂಡವನು ಅವನ ಡ್ರೈವರ್. ಕಾರಿನಲ್ಲಿ ಆಡಿದ ಮಾತುಗಳು ಕಿವಿಗೆ ಬಿದ್ದಿದ್ದವೆಂಬುದಷ್ಟೇ ಆತನ ಅಪರಾಧ. ಆಮೇಲೆ ಹೆಂಡತಿಯ ಫೋನನ್ನು ಕಸಿದು ನೋಡಿದ. ಆಕೆ ತವರಿಗೆ ಹೊರಟುಹೋದಳು. ಚಹಾ ತಂದವರು ತಾವೇ ಮೊದಲು ಗುಟುಕರಿಸಿ ತೋರಿಸಬೇಕಾಯಿತು. ಕಡೆಗೆ ಚಿತ್ರೀಕರಣದ ನಡುವೆ ನಿರ್ದೇಶಕನ ಕೊರಳಪಟ್ಟಿ ಹಿಡಿದು, "ನೀನೇ ಅಲ್ವೇನೋ?" ಎಂದ. ಕಥೆಯಲ್ಲಿಯೂ ಕ್ಯಾಪ್ಟನ್ ಎಲ್ಲರನ್ನೂ ಶಂಕಿಸಬೇಕಾಗಿದ್ದುದರಿಂದ, ನೋಡುತ್ತಿದ್ದವರು ಅಭಿನಯ ಸೊಗಸಾಗಿದೆಯೆಂದು ಕೆಲಕಾಲ ತಲೆದೂಗಿದರು.

ಕಿತ್ತುಹೋದ ಗುಂಡಿಯನ್ನು ಕೈಯಲ್ಲಿ ಹಿಡಿದೇ ನಿರ್ದೇಶಕ ಮೇಕಪ್ ಕೋಣೆಗೆ ಬಂದ.

"ಮುಖ ರೆಡಿ ಇದೆಯಾ ಅಕ್ಕ?"

"ಮುಖ ಇದೆ ಸಾರ್. ಹಾಕ್ಕೊಳ್ಳೋಕೆ ಆಳಿಲ್ಲ."

"ಅವನನ್ನ ಹೊರಹಾಕ್ದೆ, ಕಥೆ ಬದಲಾಯ್ಸಿದ್ದೀನಿ. ಅಸಲಿ ಕ್ಯಾಪ್ಟನ್ ಸಾಯ್ತಾನೆ, ಇನ್ಮೇಲೆ ನೌಕೆ ನಡೆಸೋದು ನಕಲಿ. ಆ ಮೈಕಟ್ಟು ಇರೋದು ನಿಮ್ಮ ತಮ್ಮಂಗೆ. ಎಲ್ಲಿದ್ದಾನೆ?"

"ಮನೇಲಿ. ಕಳ್ಳ ಅಂತ ನೀವೇ ಅಟ್ಟಿದ್ರಲ್ಲ."

ನಿರ್ದೇಶಕ ಗುಂಡಿಯನ್ನೇ ನೋಡಿದ. "ಆ ಮನುಷ್ಯನ ಮಾತು ಕೇಳಿ ಕೆಟ್ಟೆ. ಬರೋಕ್ ಹೇಳಿ. ತಪ್ಪಾಯ್ತು ಅಂತ ಎಲ್ಲರೆದುರು ನಾನೇ ಹೇಳ್ತೀನಿ."

ಹೇಳಿದ ಕೂಡ. ಅದನ್ನು ಕೇಳಿಸಿಕೊಂಡೇ ತಮ್ಮ ಬಂದು ಅವಳ ಕುರ್ಚಿಯಲ್ಲಿ ಕುಳಿತ. ಅವಳು ವೈರಿಯ ಮುಖವನ್ನು ತಮ್ಮನ ಮುಖದ ಮೇಲಿಟ್ಟು, ಅಂಚುಗಳಿಗೆ ಅಂಟು ಸವರತೊಡಗಿದಳು.

"ನಿಜವಾಗ್ಲೂ ಮಾರಿದ್ದು ಯಾರಕ್ಕಾ?"

"ನಂಗೇನ್ ಗೊತ್ತು?"

"ಮತ್ತೆ ಆ ಡ್ರೈವರಣ್ಣ? ಪಾಪ, ಅವ್ನು..."

"ತುಟಿ ಆಡಿಸ್ಬೇಡ. ಅಂಚು ಏಳತ್ತೆ."

ಅಷ್ಟರಲ್ಲಿ ಗೇಟಿನ ಬಳಿ ಪರಿಚಿತ ಧ್ವನಿಯೊಂದು ಅಬ್ಬರಿಸಿತು: ನಾನು ಯಾರು ಗೊತ್ತೇನೋ, ಬಿಡೋ ಒಳಗೆ. ಕಾವಲುಗಾರನ ಉತ್ತರ ನಿಧಾನವಾಗಿ, ಸ್ಪಷ್ಟವಾಗಿ ಕೇಳಿಸಿತು. "ಕ್ಯಾಪ್ಟನ್ ಸಾಹೇಬ್ರು ಆಗ್ಲೇ ಒಳಗಿದ್ದಾರೆ ಸ್ವಾಮಿ."

ಅಕ್ಕ ಎದ್ದು ಹೋಗಿ ಕಿಟಕಿಯನ್ನು ಪೂರ್ತಿ ತೆರೆದಿಟ್ಟು ಬಂದಳು. ಅಂಟು ಒಣಗುವವರೆಗೂ ಆ ಕೂಗನ್ನು ಕೇಳುತ್ತ ನಿಂತಳು.