ಎಡಗಡೆಯ ಅಜ್ಜಿ, ಬಲಗಡೆಯ ಅಜ್ಜಿ

ಪರದೆಯ ಮೇಲೆ ಆ ಸಣ್ಣ ಚಕ್ರ ಸುತ್ತುತ್ತಲೇ ಇದೆ, ಕೆಳಗೆ ರಸ್ತೆಯಲ್ಲಿ ಯಾರೋ ಸ್ಕೂಟರನ್ನು ಒದ್ದೂ ಒದ್ದೂ ಸುಸ್ತಾಗುತ್ತಿದ್ದಾರೆ, ಪಕ್ಕದ ಕೋಣೆಯಿಂದ ಅಪ್ಪನ ಕೆಮ್ಮು, ಕೆಮ್ಮಿನ ಬೆನ್ನಿಗೇ ಆಯ್ತೇನೋ, ಇನ್ನೂ ಇಲ್ಲಪ್ಪ, ಈ ಕಂಪ್ಯೂಟರಿಗೂ ನಿನ್ನಷ್ಟೇ ವಯಸ್ಸಾಗಿದೆ — ಎಂಬತ್ತಾರರ ಅಪ್ಪನಿಗೆ ಇವತ್ತು ತಮಾಷೆ ಬೇಕಿಲ್ಲ, ಬೆಳಗಿನಿಂದ ಕನ್ನಡಕ ಒರೆಸಿಟ್ಟುಕೊಂಡು ಕೂತಿದ್ದಾನೆ, ನನ್ನಮ್ಮನ ಹೆಸ್ರು ದಪ್ಪಕ್ಷರದಲ್ಲಿ ಹಾಕು, ಅವಳ ಅಪ್ಪ ಅಮ್ಮ ಯಾರು ಅಂತ ಸಾಯೋದ್ರೊಳಗೆ ಒಂದ್ಸಲ ಓದ್ಬೇಕು, ನಾಲ್ಕು ವರ್ಷಕ್ಕೆ ತಾಯಿಯನ್ನು ಕಳೆದುಕೊಂಡವನ ಆಸೆ, ಆ ಮಾತೆತ್ತಿದರೆ ತಾತ ಎದ್ದು ಹೋಗಿಬಿಡುತ್ತಿದ್ದನಂತೆ, ಅದಕ್ಕೇ ತಾನೇ ಇಷ್ಟೆಲ್ಲ, ಇಲ್ಲದಿದ್ದರೆ ಊರವರ ಬಾಯಿಗೆ ಕಟ್ಟುಹಲ್ಲು ಮಾಡಿಕೊಡುವ ಮಗನಿಗೆ, ಉಗುರುಸಂದಿಯಲ್ಲಿ ಸದಾ ಹಲ್ಲಚ್ಚಿನ ಪ್ಲಾಸ್ಟರು ಮೆತ್ತಿಕೊಂಡಿರುವವನಿಗೆ, ವಂಶವೃಕ್ಷದ ಉಸಾಬರಿ ಯಾಕೆ. ತಾತನ ಕಡೆಯದನ್ನೆಲ್ಲ ತಾನೇ ತುಂಬಿಸಿದ್ದ, ಅಜ್ಜಿಯ ಮೇಲಿನ ಎರಡು ಚೌಕ ಮಾತ್ರ ಖಾಲಿ, ಆಗ ಅವನು ಇಂಟರ್ನೆಟ್ಟಿಗೆ ಹಾಕಿದ್ದ ವಂಶವೃಕ್ಷ ನೋಡಿ ಒಬ್ಬ ಟೀಚರಮ್ಮನ ಪತ್ರ ಬಂತು, ಮುಖ ನೋಡಿದವಳಲ್ಲ, ಊರು ಎರಡು ಬಸ್ಸಿನಾಚೆ, ನಿಮ್ಮಜ್ಜಿ ನಮ್ಮ ವಂಶದಲ್ಲೂ ಇದ್ದಾರೆ ಅನ್ಸುತ್ತೆ ಸರ್, ನನ್ನ ಕಡತ ಕಳಿಸಿದೀನಿ, ನಿಮ್ಮದರ ಜೊತೆ ಸೇರಿಸಿ ನೋಡಿ — ಸೇರಿಸಿದರಾಯಿತು, ಮೇಲಿನ ಸಾಲಿಗೆ ಕೆಳಗಿನ ಸಾಲು ಕಚ್ಚಿಸುವುದು ತನಗೇನು ಹೊಸದೇ ಎಂದು ಕೂತಿದ್ದ.

ಚಕ್ರ ನಿಂತಿತು. ಎರಡು ಅಂಕಣ, ಎಡಕ್ಕೆ ಅವನದು, ಬಲಕ್ಕೆ ಟೀಚರಮ್ಮನದು, ಒಬ್ಬರೇ ಎನಿಸಿದವರನ್ನು ಎದುರುಬದುರು ಕೂರಿಸಿ ಕೇಳುತ್ತದೆ, ಇವರು ಒಬ್ಬರೇನಾ, ಹೌದಾದರೆ ಯಾವುದನ್ನು ಉಳಿಸಲಿ. ಹೆಸರು ಒಂದೇ, ಹುಟ್ಟಿದ ವರ್ಷ ಒಂದೇ, ಮೊದಲ ಮಗನ ಹೆಸರೂ ಒಂದೇ, ಅಬ್ಬ, ಸಿಕ್ಕಳು, ಮೇಲಿನ ಚೌಕಗಳಲ್ಲಿ ಅವಳ ಅಪ್ಪ ಅಮ್ಮ ಕೂಡ ಇದ್ದಾರೆ, ಅಪ್ಪನನ್ನು ಕೂಗಲು ತೆರೆದ ಬಾಯಿ ತೆರೆದೇ ಉಳಿಯಿತು. ಸಾವು, ಎಡದಲ್ಲಿ ಇಪ್ಪತ್ಮೂರನೇ ವಯಸ್ಸಿಗೆ, ಜ್ವರ. ಬಲದಲ್ಲಿ ಎಪ್ಪತ್ತೊಂಬತ್ತಕ್ಕೆ. ಬರೆಯುವಾಗ ಕೈತಪ್ಪಿರಬೇಕು — ಆದರೆ ಕೆಳಗೆ ಎರಡನೇ ಗಂಡ, ಮೂರು ಮಕ್ಕಳು, ಅವರಲ್ಲೊಬ್ಬಳ ಮಗಳು ಈ ಟೀಚರಮ್ಮ. ಜ್ವರವೂ ಇಲ್ಲ ಗಿರವೂ ಇಲ್ಲ, ಬಿಟ್ಟು ಹೋಗಿದ್ದಳು, ಇಲ್ಲವೇ ಓಡಿಸಿದ್ದರು, ಸತ್ತಳು ಅಂತ ನಾಲ್ಕು ವರ್ಷದವನಿಗೆ ಹೇಳಿಬಿಟ್ಟರೆ ಮುಗಿಯಿತು, ಮಗು ಇನ್ನು ದಾರಿ ನೋಡುವುದಿಲ್ಲ, ತಾತ ಅಂಥ ಕಲ್ಲೆದೆಯವನೇ, ಐವತ್ತಾರು ವರ್ಷ, ಎರಡು ಬಸ್ಸಿನಾಚೆ ಐವತ್ತಾರು ವರ್ಷ ಉಸಿರಾಡಿಕೊಂಡಿದ್ದಳು, ಅಪ್ಪ ಮದುವೆಯಾದ, ಮಗನನ್ನು ಪಡೆದ, ಕೂದಲು ಬೆಳ್ಳಗಾಯಿತು, ಅವಳು ಇದ್ದಳು. ಮೂಲೆಯಲ್ಲಿ ಫೋಟೊ, ಒತ್ತಿದರೆ ದೊಡ್ಡದಾಗುತ್ತದೆ, ಒತ್ತಿದ. ಕುರ್ಚಿಯಲ್ಲಿ ಕೂತ ಮುದುಕಿ, ಬಲಗಿವಿಯ ಹಾಲೆ ಹರಿದು ಎರಡಾಗಿದೆ.

ಆ ಕಿವಿ ಅವನಿಗೆ ಗೊತ್ತು. ಆಗ ಅವನಿಗೆ ಏಳು ವರ್ಷ, ಅಪ್ಪ ಟೈಲರು, ಒಪ್ಪಿಕೊಂಡ ಬಟ್ಟೆ ಒಂದನ್ನೂ ಹೇಳಿದ ದಿನಕ್ಕೆ ಕೊಟ್ಟವನಲ್ಲ, ಬಾಗಿಲು ಬಡಿದರೆ ಹೋಗೋ, ಯಾರೇ ಆಗ್ಲಿ ಅಪ್ಪ ಮನೇಲಿಲ್ಲ ಅನ್ನು, ಒಳಗೆ ಮೆಷಿನ್ನು ಕಟಕಟ ಓಡುತ್ತಲೇ ಇರುತ್ತಿತ್ತು, ಗಿರಾಕಿಗಳು ನಗುತ್ತಿದ್ದರು, ಅಪ್ಪ ಇಲ್ವಾ, ಮತ್ತೆ ಮೆಷಿನ್ ತುಳೀತಿರೋದ್ಯಾರು, ನಿಮ್ಮಜ್ಜೀನಾ, ಅವನೂ ನಗುತ್ತಿದ್ದ. ಆ ದಿನ ಬಂದ ಅವಳು ನಗಲಿಲ್ಲ. ಕೈಯಲ್ಲೊಂದು ಬಟ್ಟೆಗಂಟು, ಅಪ್ಪ ಇದಾರಾ ಮಗು, ಇಲ್ಲ, ಅವನ ಕಣ್ಣೆಲ್ಲ ಆ ಹರಿದ ಕಿವಿಯ ಮೇಲೆ, ಹರಿದಾಗ ಎಷ್ಟು ನೋವಾಗಿರಬೇಕು ಅಂತ, ಯಾವಾಗ ಬರ್ತಾರೆ, ಗೊತ್ತಿಲ್ಲ, ನೀನು ಅವರ ಮಗನಾ, ಹೂಂ, ಕೆನ್ನೆ ಮುಟ್ಟಲು ಕೈ ಎತ್ತಿದವಳು ಹಾಗೇ ತಡೆದಳು, ಒಳಗಿನ ಸದ್ದಿಗೆ ತಲೆ ವಾಲಿಸಿದಳು, ಹರಿದ ಕಿವಿ ಬಾಗಿಲ ಕಡೆಗೆ, ಎಷ್ಟು ಹೊತ್ತು, ಒಂದು ತೋಳು ಹೊಲಿದು ಮುಗಿಯುವಷ್ಟು ಹೊತ್ತು, ಆಮೇಲೆ ಸರಿ ಮಗು ಅಂದಳು, ಹೋದಳು. ಒಳಗೆ ಬಂದು ಯಾರೋ ಅಜ್ಜಿ ಅಂದ, ಕೋಟು ಹೊಲಿಯಕ್ಕೆ ಕೊಟ್ಟೋರ ಕಡೆಯವ್ರಿರ್ಬೇಕು ಬಿಡು, ಕಾಲು ನಿಲ್ಲಿಸದೆ ಅಪ್ಪ ಅವನ ತಲೆ ಸವರಿದ, ಭೇಷ್ ಅಂದ.

ಬಲ ಅಂಕಣದಲ್ಲಿ ಟಿಪ್ಪಣಿಯೂ ಇದೆ, ಟೀಚರಮ್ಮನ ಅಚ್ಚುಕಟ್ಟು ವಾಕ್ಯಗಳು, ಐವತ್ತೈದನೇ ವಯಸ್ಸಿನಲ್ಲಿ ಒಮ್ಮೆ ಮೊದಲ ಮಗನ ಮನೆಗೆ ಹೋಗಿದ್ದಳು, ಒಳಗೇ ಇದ್ದುಕೊಂಡು ಪುಟ್ಟ ಮಗುವಿನ ಬಾಯಲ್ಲಿ ಇಲ್ಲ ಅನ್ನಿಸಿದ ಎಂದು ಕೊನೆಯ ತನಕ ಹೇಳುತ್ತಿದ್ದಳು, ಮತ್ತೆ ಹೋಗಲಿಲ್ಲ. ಪುಟ್ಟ ಮಗುವಿಗೆ ಈಗ ಐವತ್ತೇಳು, ಯಾವುದನ್ನು ಉಳಿಸಲಿ ಎಂದು ಪರದೆ ಇನ್ನೂ ಕೇಳುತ್ತಿದೆ, ಎಡ, ಬಲ, ಎರಡೂ. ಹೇಳಿಬಿಡಲೇ, ಅಪ್ಪಾ, ನಿನ್ನಮ್ಮ ಬಂದಿದ್ದಳು, ನಾನೇ ವಾಪಸ್ಸು ಕಳಿಸಿದೆ, ನೀನು ಭೇಷ್ ಅಂದೆ — ಎಂಬತ್ತಾರರ ಎದೆ, ತಡೆದೀತೇ, ಹೇಳದಿದ್ದರೆ ಅವಳನ್ನು ಎರಡನೇ ಸಲ ಬಾಗಿಲಿಂದ ಕಳಿಸಿದ ಹಾಗೆ, ಅದೂ ಈ ಸಲ ಗೊತ್ತಿದ್ದೂ ಗೊತ್ತಿದ್ದೂ, ಆಯ್ತೇನೋ, ಬಂದೆ ಅಪ್ಪ, ಬೆರಳು ಎಡವನ್ನು ಒತ್ತಿತು. ಅವಳ ಅಪ್ಪ ಅಮ್ಮನ ಹೆಸರಷ್ಟೇ ಬಲದಿಂದ, ಉಳಿದದ್ದೆಲ್ಲ ಎಡ, ಎರಡನೇ ಗಂಡ ಹೋದ, ಮೂರು ಮಕ್ಕಳು ಹೋದರು, ಟೀಚರಮ್ಮ ಹೋದಳು, ಫೋಟೊ ಹೋಯಿತು, ಜ್ವರ ಉಳಿಯಿತು. ತನ್ನ ಮೇಲೆ ತನಗೇ ಹೇಸಿಗೆಯಾಗಿ ಅವನು ಪ್ರಿಂಟರಿನ ಬಾಯಿಂದ ಹಾಳೆ ಎಳೆದುಕೊಂಡ.

ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಾನೆ, ಹೊಲಿಗೆ ತಡವುವಂತೆ ಚೌಕದ ಅಂಚು ತಡವುತ್ತಾನೆ, ತನ್ನಮ್ಮನ ಅಪ್ಪ ಅಮ್ಮನ ಹೆಸರು ಮೂರು ಸಲ ಓದಿ ಕನ್ನಡಕ ತೆಗೆದು, ಇಪ್ಪತ್ಮೂರು, ಪಾಪ, ಇನ್ನೂ ಹುಡುಗಿ, ಬದುಕಿದ್ದಿದ್ರೆ ನಾನು ಹೊಲಿಯೋದನ್ನ ನೋಡಿರೋಳು ಕಣೋ, ಒಂದು ದಿನ ಬಂದು ನೋಡಿದ್ರೂ ಸಾಕಿತ್ತು ನಂಗೆ — ಹೌದಪ್ಪ, ಅಂದ ಅವನು, ಮುಂದೆ ಏನಾದರೂ ಅನ್ನಬೇಕು, ಊಟ ಮಾಡ್ತೀಯಾ ಅನ್ನಬಹುದು, ಅನ್ನಲು ಹೊರಟರೆ ಹೊಸಿಲಾಚೆ ಬಟ್ಟೆಗಂಟು ಹಿಡಿದು ನಿಂತಿದ್ದಾಳೆ, ಒಳಗೆ ಮೆಷಿನ್ನು ಓಡುತ್ತಿದೆ, ಅವಳು ಕೇಳಿಸಿಕೊಳ್ಳುತ್ತಿದ್ದಾಳೆ, ತಲೆ ವಾಲಿಸಿ, ಹರಿದ ಕಿವಿ ಬಾಗಿಲ ಕಡೆಗೆ, ಹರಿದ ಕಿವಿ, ಬಾಗಿಲ ಕಡೆಗೆ