ಚಂದ್ರವ್ವ ತಿರುಗಿ ಬರುವ ಹಾಡು

"ವನ್ಸ್ ಮೋರ್!" ಎಂದು ರುದ್ರವ್ವ ಕೂಗಿಯೇಬಿಟ್ಟಳು.

ಬಾವಿಕಟ್ಟೆಯ ಹಾಡು ಆಗತಾನೇ ಮುಗಿದಿತ್ತು. ಪರದೆಯ ಮೇಲೆ ಚಂದ್ರವ್ವ ತುಂಬಿದ ಕೊಡವನ್ನು ಸೊಂಟಕ್ಕೇರಿಸಿಕೊಂಡು ಹೊರಟಿದ್ದಳು. ಮುಂದಿನ ಸಾಲಿನ ಇಬ್ಬರು ಹುಡುಗಿಯರು ತಿರುಗಿ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಭವ್ಯಶ್ರೀ ಅವ್ವನ ಮೊಣಕೈ ಹಿಡಿದು ಜಗ್ಗಿದಳು.

"ಯವ್ವಾ, ಇದು ಸಿನಿಮಾ. ಅಕಿ ಹೊಳ್ಳಿ ಹಾಡೂದಿಲ್ಲ."

"ಗೊತ್ತದ ಬಿಡು. ಬಾಯಿ ಕೇಳಬೇಕಲ್ಲ."

ಹಿಂದಿನಿಂದ ಯಾರೋ ಸಿಳ್ಳೆ ಹೊಡೆದರು. ಇನ್ಯಾರೋ ಹಿರಿಯರು "ಆಗ್ಲಿ, ಆಗ್ಲಿ, ವನ್ಸ್ ಮೋರ್!" ಎಂದು ದನಿಗೂಡಿಸಿದರು. ಕತ್ತಲಲ್ಲಿ ಅರ್ಧ ಥಿಯೇಟರು ನಕ್ಕಿತು. ಭಾನುವಾರ ಬೆಳಗಿನ ಆ ಪ್ರದರ್ಶನವನ್ನು ಪುಣೆಯ ಕನ್ನಡದವರಿಗೆಂದೇ ಮಗರಪಟ್ಟಾದ ಹತ್ತಿರ ಏರ್ಪಡಿಸಿದ್ದರು. ಬಂದವರಲ್ಲಿ ತಲೆ ನರೆತವರೆಲ್ಲ ಒಂದಲ್ಲ ಒಂದು ಊರಿನಲ್ಲಿ ನಾಟಕ ಕಂಪನಿಯ ತಗಡಿನ ಥೇಟರಿನೊಳಗೆ ನೆಲದ ಮೇಲೆ ಕುಳಿತು, ಈ ಸಿನಿಮಾಕ್ಕೆ ಮೂಲವಾದ 'ಚಂದ್ರವ್ವನ ಸಂಸಾರ' ನಾಟಕ ನೋಡಿದವರೇ. ಅಲ್ಲಿ ಹಾಡು ಮನಸ್ಸಿಗೆ ಬಂದರೆ ಜನ ಕೂಗುತ್ತಿದ್ದರು. ಕೂಗಿದ ಮೇಲೆ ನಟಿ ಸತ್ತು ಬಿದ್ದಿದ್ದರೂ ಎದ್ದು ಕುಳಿತು, ಇನ್ನೊಮ್ಮೆ ಹಾಡಿ, ಮತ್ತೆ ಸಾಯಬೇಕಾಗಿತ್ತು.

ಸಿನಿಮಾ ಚೆನ್ನಾಗಿತ್ತು. ರುದ್ರವ್ವ ಅದನ್ನು ಒಪ್ಪಿಕೊಂಡಳು. ನಾಟಕದಲ್ಲಿ ಬಾವಿ ಎಂದರೆ ಬಣ್ಣ ಬಳಿದ ಪರದೆ. ಗಾಳಿ ಬಂದರೆ ಬಾವಿಯೇ ಅಲುಗಾಡುತ್ತಿತ್ತು. ಇಲ್ಲಿ ನಿಜವಾದ ಬಾವಿ, ನಿಜವಾದ ನೀರು. ಚಹಾದಂಗಡಿಯ ಜೋಡಿ ಕುಣಿಯುವಾಗ ಕ್ಯಾಮೆರಾ ಮೇಲಿನಿಂದ ಹದ್ದಿನ ಹಾಗೆ ಇಳಿದು ಬಂತು. ಅತ್ತೆ ಸೊಸೆಯರ ಜಗಳದ ಹಾಡಿಗೆ ಡೋಲು ತಾಶೆ ಸೇರಿಸಿದ್ದರು. ಭವ್ಯಶ್ರೀ ಸಹ ಕಾಲಲ್ಲಿ ತಾಳ ಹಾಕುತ್ತಿದ್ದುದನ್ನು ರುದ್ರವ್ವ ಓರೆಗಣ್ಣಿನಿಂದ ನೋಡಿದಳು. ತವರಿಗೆ ಬಂದ ಐದು ವಾರಗಳಲ್ಲಿ ಆ ಹುಡುಗಿ ಯಾವುದಕ್ಕೂ ಕಾಲು ಅಲುಗಿಸಿರಲಿಲ್ಲ. ಅಂದಮೇಲೆ ಕೆಲಸ ಆದೀತು ಎಂದುಕೊಂಡಳು.

ಅವಳು ಮಗಳನ್ನು ಕರೆತಂದದ್ದು ಬರೀ ಹಾಡು ಕೇಳಿಸಲಿಕ್ಕಲ್ಲ.

ನಾಟಕವನ್ನು ಅವಳು ನೋಡಿದ್ದು ಜೀವಮಾನದಲ್ಲಿ ಒಂದೇ ಸಲ, ನಲವತ್ತೊಂದು ವರ್ಷದ ಹಿಂದೆ, ಗುಳೇದಗುಡ್ಡದಲ್ಲಿ. ಆಗ ಅವಳಿಗೆ ಇಪ್ಪತ್ತು. ಎಡ ಮಣಿಕಟ್ಟು ಬದನೆಕಾಯಿಯಂತೆ ಬಾತುಕೊಂಡು ಗಂಡನ ಮನೆಯಿಂದ ತವರಿಗೆ ಬಂದು ಎಂಟು ದಿನವಾಗಿತ್ತು. ಇನ್ನು ಹೋಗುವುದಿಲ್ಲ ಎಂದು ಹಟ ಹಿಡಿದು ಕುಳಿತಿದ್ದಳು. ಅವಳ ಅವ್ವ ಕಲ್ಲವ್ವ, ಮಗ್ಗದ ಕುಣಿಯಿಂದ ಸುಲಭಕ್ಕೆ ಮೇಲೆ ಏಳದ ಹೆಂಗಸು, ಆ ದಿನ ತಾನಾಗಿ "ನಡಿ, ನಾಟಕಾ ನೋಡಿ ಬರೂಣು" ಎಂದಳು. ಕೊನೆಯ ದೃಶ್ಯದಲ್ಲಿ, ಏಟು ತಿಂದು ಮನೆ ಬಿಟ್ಟಿದ್ದ ಚಂದ್ರವ್ವ ತಿರುಗಿ ಗಂಡನ ಬಾಗಿಲಿಗೆ ಬಂದು ನಿಂತು ಹಾಡಿದಳು. "ಬಂದೇನ್ರಿ ರಾಯಾ ಬಾಗಿಲಿಗಿ, ಬೈದರೂ ನಮ್ಮದ ಮನಿಯು..." ಗಂಡ ಅತ್ತ. ಜನ ಅತ್ತರು. ರುದ್ರವ್ವ ಎಲ್ಲರಿಗಿಂತ ಹೆಚ್ಚು ಅತ್ತಳು. ಮರುದಿನ ಬೆಳಿಗ್ಗೆ ತಾನೇ ಬಸ್ಸು ಹತ್ತಿದಳು.

ಆಮೇಲೆ ಗಂಡ ಮುರುಗೆಪ್ಪನ ಜೊತೆ ಪುಣೆ, ಮಾರ್ಕೆಟ್ ಯಾರ್ಡಿನ ಹಿಂದಿನ ಎರಡು ಕೋಣೆ. ಅವನು ಉಳ್ಳಾಗಡ್ಡಿ ಚೀಲ ಹೊರುತ್ತಿದ್ದ. ಇವಳು ಹಮಾಲರಿಗೆ, ಲಾರಿ ಡ್ರೈವರುಗಳಿಗೆ ರೊಟ್ಟಿ ಮಾಡಿ ಹಾಕುತ್ತಿದ್ದಳು. ಎಡ ಮಣಿಕಟ್ಟು ಮತ್ತೆ ಸರಿಯಾಗಿ ತಿರುಗಲೇ ಇಲ್ಲ, ಬಲಗೈಯೊಂದರಲ್ಲೇ ಬಡಿಯುವುದನ್ನು ರೂಢಿ ಮಾಡಿಕೊಂಡಳು. ಕೆಟ್ಟ ದಿನಗಳಲ್ಲಿ ರೊಟ್ಟಿ ಬಡಿಯುತ್ತ ಆ ಹಾಡು ಹಾಡಿಕೊಳ್ಳುತ್ತಿದ್ದಳು. ಚಂದ್ರವ್ವನೇ ತಾಳಿಕೊಂಡಳಲ್ಲ, ನಾನೆಷ್ಟರವಳು ಎಂದು. ಹಾಗೆ ಮೂವತ್ತೈದು ವರ್ಷ ಕಳೆದವು. ಮುರುಗೆಪ್ಪ ತೀರಿಕೊಂಡು ಈಗ ಆರು ವರ್ಷ.

ಈಗ ಮಗಳು ಬಂದು ಕುಳಿತಿದ್ದಳು. ಅಳಿಯ ಕಿಶೋರ ಮಗರಪಟ್ಟಾದಲ್ಲಿ ಒಬ್ಬ ಬಿಲ್ಡರನ ಆಫೀಸಿನಲ್ಲಿದ್ದ. ಕುಡಿಯುವವನಲ್ಲ, ಸ್ವಂತ ಫ್ಲ್ಯಾಟು. ಮೊದಲ ಸಲ ಕಪಾಳಕ್ಕೆ ಹೊಡೆದಿದ್ದ. ಎರಡನೇ ಸಲ ನೂಕಿದ್ದಕ್ಕೆ ಅಡುಗೆಕಟ್ಟೆಯ ಅಂಚು ತಗುಲಿ ಭವ್ಯಶ್ರೀಯ ಹುಬ್ಬಿನ ಮೇಲೆ ನಾಲ್ಕು ಹೊಲಿಗೆ ಬಿದ್ದವು. ಆಮೇಲೆ ಬಂದು ಅತ್ತೆಯ ಕಾಲು ಹಿಡಿದು ಅತ್ತಿದ್ದ. ರುದ್ರವ್ವನಿಗೆ ತಿಳಿದ ಮಟ್ಟಿಗೆ, ಅಳುವ ಗಂಡಸು ಸುಧಾರಿಸುವ ಗಂಡಸು. ಮಗಳಿಗೆ ನಾಲ್ಕು ರೀತಿಯಲ್ಲಿ ಹೇಳಿ ನೋಡಿದಳು. ಅವಳು ಗೋಡೆ ನೋಡುತ್ತ ಕುಳಿತಳು. ಅಷ್ಟರಲ್ಲಿ ಸಿನಿಮಾದ ಸುದ್ದಿ ಬಂತು. ತನ್ನ ಬಾಯಿಂದ ಆಗದ್ದು ಆ ಹಾಡಿನಿಂದ ಆಗುತ್ತದೆ ಎಂದು ರುದ್ರವ್ವನಿಗೆ ಖಾತ್ರಿಯಿತ್ತು. ಕಿಶೋರನಿಗೆ ಗುಟ್ಟಾಗಿ ಫೋನು ಮಾಡಿ, ಸಿನಿಮಾ ಬಿಡುವ ಹೊತ್ತಿಗೆ ಕಾರು ತಂದು ಕೆಳಗೆ ನಿಲ್ಲು ಎಂದಿದ್ದಳು. ಭವ್ಯಶ್ರೀಗೆ ಇದಾವುದೂ ಗೊತ್ತಿರಲಿಲ್ಲ.

ಪರದೆಯ ಮೇಲೆ ಚಂದ್ರವ್ವ ಹತ್ತಿ ಗಿರಣಿಯ ಕೆಲಸ ಮುಗಿಸಿ, ತಲೆಯ ಮೇಲಿನ ಅರಳೆ ಝಾಡಿಸಿಕೊಂಡು, ಗಂಡನ ಮನೆಯ ಓಣಿಗೆ ಬಂದಳು. ರುದ್ರವ್ವ ಮಗಳ ಕೈ ಹಿಡಿದುಕೊಂಡಳು.

"ಈಗ ಲಕ್ಷ್ಯ ಕೊಡು. ಈಗ ಬರ್ತದ ನೋಡು ಅಸಲ ಹಾಡು."

ಗಂಡ ಬಾಗಿಲಲ್ಲಿ ನಿಂತಿದ್ದ. ಚಂದ್ರವ್ವ ಹೊಸ್ತಿಲ ಈಚೆ ನಿಂತಳು. ರುದ್ರವ್ವನ ತುಟಿ ಆಗಲೇ ಮೊದಲ ಸಾಲು ಹಿಡಿದಿತ್ತು. ಚಂದ್ರವ್ವ ಸೊಂಟದಿಂದ ಕೀಲಿ ಗೊಂಚಲು ತೆಗೆದು ಹೊಸ್ತಿಲ ಮೇಲಿಟ್ಟಳು. "ನಿಮ್ಮ ಮನಿ, ನಿಮ್ಮ ಕೀಲಿ" ಎಂದಳು. ತಿರುಗಿದಳು. ಓಣಿಯ ತುದಿಯಲ್ಲಿ ಗಿರಣಿಯ ಹೆಂಗಸರು ಕಾಯುತ್ತಿದ್ದರು. ರುದ್ರವ್ವ ಎಂದೂ ಕೇಳದ ಒಂದು ಹಾಡು, ನಡಿಗೆಯ ಲಯದ್ದು, ಎದ್ದಿತು. ಹೆಂಗಸರು ಹಾಡುತ್ತ ನಡೆದು ಚಿಕ್ಕವರಾಗುತ್ತ ಹೋದರು. ಹೆಸರುಗಳು ಬರತೊಡಗಿದವು. ದೀಪ ಹತ್ತಿದವು. ಜನ ಚಪ್ಪಾಳೆ ತಟ್ಟಿದರು.

"ಮುಗೀತೇನು?" ಎಂದಳು ರುದ್ರವ್ವ.

"ಮುಗೀತು." ಭವ್ಯಶ್ರೀ ಎದ್ದು ನಿಂತಿದ್ದಳು. ಅವಳ ಮುಖದಲ್ಲಿ ರುದ್ರವ್ವ ಬಹಳ ದಿನದಿಂದ ನೋಡದ ಒಂದು ಬೆಳಕಿತ್ತು. "ಭಾಳ ಚಂದ ಅದ ಯವ್ವಾ. ನೀ ಇಂಥಾ ಸಿನಿಮಾಕ್ಕ ಕರಕೊಂಡ ಬರ್ತೀ ಅಂತ ನಾ ಅಂದುಕೊಂಡಿದ್ದಿಲ್ಲ."

"ಕೆಡಿಸ್ಯಾರ," ಎಂದಳು ರುದ್ರವ್ವ. "ಪೂರಾ ಕೆಡಿಸ್ಯಾರ. ಬೆಂಗಳೂರ ಮಂದಿಗೆ ಏನ ಗೊತ್ತದ? ಅಕಿ ಒಳಗ ಹೋಗ್ತಾಳ. ಹಾಡಿ ಒಳಗ ಹೋಗ್ತಾಳ!"

ಹೊರಗಿನ ಪಡಸಾಲೆಯಲ್ಲಿ ಚಹಾ ಕೊಡುತ್ತಿದ್ದರು. ಒಂದು ಕುರ್ಚಿಯಲ್ಲಿ ಸಿದ್ದಾರೂಢ ಮಾಸ್ತರರು ಕುಳಿತಿದ್ದರು. ಎಂಬತ್ತು ದಾಟಿದ ಮನುಷ್ಯ, ಕಾತ್ರಜದಲ್ಲಿ ಮಗಳ ಮನೆಯಲ್ಲಿರುವವರು. ಅದೇ ಕಂಪನಿಯಲ್ಲಿ ಇಪ್ಪತ್ತು ವರ್ಷ ಹಾರ್ಮೋನಿಯಂ ಪೇಟಿ ಬಾರಿಸಿ ಹಾಡು ಕಟ್ಟಿದವರೆಂದು ಸಿನಿಮಾಕ್ಕೆ ಮುಂಚೆ ಅವರಿಗೆ ಶಾಲು ಹೊದಿಸಿದ್ದರು. ರುದ್ರವ್ವ ಸೀದಾ ಅವರ ಮುಂದೆ ಹೋಗಿ ನಿಂತಳು. ಮಗಳು ಹಿಂದೆಯೇ ಬಂದಳು.

"ಮಾಸ್ತರ, ನೀವರೆ ಹೇಳ್ರಿ ಅವರಿಗೆ. ಕಡೀ ಸೀನು ಹಾಳ ಮಾಡ್ಯಾರ. ಬಂದೇನ್ರಿ ರಾಯಾ ಬಾಗಿಲಿಗಿ, ಅದ ಎಲ್ಲಿ ಹೋತು?"

ಮುದುಕರು ಚಹಾದ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಅವಳನ್ನೇ ನೋಡಿದರು.

"ಆ ಹಾಡು ನಿಮಗ ಹೆಂಗ ಗೊತ್ತು, ತಂಗೀ? ಯಾವ ಊರಾಗ ನೋಡೀರಿ ನೀವು?"

"ಗುಳೇದಗುಡ್ಡದಾಗ್ರಿ."

"ಹಾಂ! ಅನ್ರಿ ಮತ್ತ!" ಮುದುಕರು ತೊಡೆ ತಟ್ಟಿಕೊಳ್ಳಲು ಹೋಗಿ ಚಹಾ ಚೆಲ್ಲಿಕೊಂಡರು. "ತಂಗೀ, ಸಿನಿಮಾದವರು ಏನೂ ಕೆಡಿಸಿಲ್ಲ. ನಾಟಕಾ ಇರೂದ ಹಂಗ. ಸಾವಿರ ಆಟ ಆಡೀವಿ, ಸಾವಿರ ಸಲ ಅಕಿ ಕೀಲಿ ಒಗದು ಹೋಗ್ಯಾಳ. ಗುಳೇದಗುಡ್ಡದಾಗ ಒಂದ ದಿವಸ ನೋಡ್ರಿ, ಒಂದ ದಿವಸ ಮಾತ್ರ, ಅಕಿನ್ನ ತಿರುಗಿ ಮನಿಗಿ ಕಳಿಸಿದ್ವಿ."

"ಯಾಕ್ರಿ?"

ಕಥೆ ಕೇಳುವವರು ಸಿಕ್ಕರೆಂದು ಅವರಿಗೆ ಹುರುಪು ಬಂತು. "ಅದೊಂದು ಮಜಾ. ಊರ ಮಂದಿ ಮಾಲಕರನ್ನ ಕೇಳೂದು ಇದ್ದದ್ದ. ನಮ್ಮ ಸಾವಕಾರನ ಹೆಸರು ಹಾಡಿನ್ಯಾಗ ಸೇರಸ್ರಿ, ನಮ್ಮ ಓಣ್ಯಾಗಿನ ಜಗಳ ಹಾಸ್ಯದಾಗ ಹಾಕ್ರಿ ಅಂತ. ನಾವೂ ಮಾಡ್ತಿದ್ವಿ, ಊರಾಗ ತಿಂಗಳಗಟ್ಲೆ ಇರಬೇಕಲ್ಲ. ಅವತ್ತು ಮಟಮಟ ಮಧ್ಯಾಹ್ನ ಒಬ್ಬ ನೇಕಾರ ಹೆಣ್ಣಮಗಳು ಬಂದ್ಲು. ಐದು ಕುಬಸದ ಖಣ ತಂದಿದ್ಲು, ರೇಶಿಮೀವು. ಮಾಲಕರ ಮುಂದ ಸೆರಗ ಒಡ್ಡಿದ್ಲು. ಮಗಳು ಗಂಡನ ಮನಿ ಬಿಟ್ಟ ಬಂದಾಳ್ರಿ, ಹೇಳಿದ್ರ ಕೇಳವಲ್ಲಳು, ಸಂಜೀಕ ಆಟಕ್ಕ ಕರಕೊಂಡ ಬರ್ತೀನಿ, ನಿಮ್ಮ ಚಂದ್ರವ್ವನ್ನ ಇವತ್ತೊಂದ ದಿನ ಗಂಡನ ಮನಿಗಿ ಕಳಸ್ರಿ ಅಂತ."

ರುದ್ರವ್ವನಿಗೆ ನೆನಪಾಯಿತು. ಐದು ಖಣ. ತಂಗಿಯ ಮದುವೆಗೆಂದು ನೇಯ್ದು ಪೆಟ್ಟಿಗೆಯಲ್ಲಿಟ್ಟಿದ್ದ ಐದು ಖಣ ಕಾಣದಾದಾಗ ಮನೆಯಲ್ಲಿ ಎಷ್ಟು ದೊಡ್ಡ ಗದ್ದಲವಾಗಿತ್ತು! ಇಲಿ ಕಡಿದವು, ಒಗೆದೆ ಎಂದಿದ್ದಳು ಕಲ್ಲವ್ವ.

"ಚಂದ್ರವ್ವನ ಪಾರ್ಟು ಮಾಡೂ ಹೆಣ್ಣಮಗಳು ಒಲ್ಲೇ ಅಂತ ಕುಂತ್ಲು," ಮುದುಕರು ಹೇಳುತ್ತಲೇ ಇದ್ದರು. "ಅಂಥಾ ಗಂಡನ ಮನಿಗಿ ನಾ ಹೋಗೂದಿಲ್ಲ ಅಂತ ಬಣ್ಣದ ಖೋಲ್ಯಾಗ ಅತ್ಲು. ಮಾಲಕರು ಗದರಿಸಿದ್ರು. ನನಗ ಹೇಳಿದ್ರು, ಮಾಸ್ತರ, ಒಂದು ಹಾಡು ಕಟ್ರಿ. ಕುಡಿಯೂ ಚಾ ಆರೂದ್ರಾಗ ಕಟ್ಟಿದೆ ನೋಡ್ರಿ. ಏನ ಹಾಡಿದ್ಲು ಅಕಿ! ನಾಕ ಸಲ ವನ್ಸ್ ಮೋರ್ ಬಿತ್ತು. ಹೆಣ್ಣಮಕ್ಕಳ ಕಡಿಂದನ ಮೊದಲ ಕೂಗಿದ್ದು."

ಹೌದು, ಹೆಣ್ಣುಮಕ್ಕಳ ಕಡೆಯಿಂದಲೇ. ಮಗ್ಗುಲಲ್ಲಿ ಕುಳಿತಿದ್ದ ಕಲ್ಲವ್ವ, ಮನೆಯಲ್ಲಿ ಗಂಡನ ಮುಂದೆ ಒಂದು ದಿನವೂ ದನಿ ಎತ್ತಿ ಮಾತಾಡದವಳು, ಆ ರಾತ್ರಿ ಎದ್ದು ನಿಂತು ಕೂಗಿದ್ದಳು. ಅವ್ವನಿಗೂ ಹಾಡೆಂದರೆ ಇಷ್ಟು ಜೀವವೇ ಎಂದು ರುದ್ರವ್ವ ಇಷ್ಟು ವರ್ಷ ಅದನ್ನು ಪ್ರೀತಿಯಿಂದ ನೆನೆಯುತ್ತಿದ್ದಳು.

"ಆ ಹುಡುಗಿ ಗಂಡನ ಮನಿಗಿ ಹೋತೋ ಇಲ್ಲೋ, ಯಾರಿಗ್ಗೊತ್ತು," ಎಂದು ಮುದುಕರು ನಕ್ಕರು.

"ಹೋದ್ಲ್ರಿ," ಎಂದಳು ರುದ್ರವ್ವ.

"ಗೊತ್ತಾಕಿ ಏನು?"

"ನಮ್ಮ ಓಣ್ಯಾಕಿನ."

"ಛಲೋ ಆತು ಬಿಡ್ರಿ. ಹಾಡಿಗೆ ಬೆಲಿ ಬಂತು," ಎಂದು ಮುದುಕರು ಉಳಿದ ಚಹಾ ಕುಡಿದರು.

ಭವ್ಯಶ್ರೀ ಅವ್ವನನ್ನು ನೋಡುತ್ತಿದ್ದಳು. ಗುಳೇದಗುಡ್ಡದ ಆ ರಾತ್ರಿಯ ಕಥೆಯನ್ನು ಅವಳು ಚಿಕ್ಕಂದಿನಿಂದ ನೂರು ಸಲ ಕೇಳಿದ್ದಳು. ಹೊಸದಾಗಿ ಏನನ್ನೂ ವಿವರಿಸಬೇಕಾಗಿರಲಿಲ್ಲ. ಅವಳು ಅವ್ವನ ಭುಜದ ಮೇಲೆ ಕೈ ಇಟ್ಟಳು. ಅದೇ ಹೊತ್ತಿಗೆ ಅವಳ ಬ್ಯಾಗಿನಲ್ಲಿಟ್ಟಿದ್ದ ರುದ್ರವ್ವನ ಫೋನು ರಿಂಗಾಗತೊಡಗಿತು. ಹೊರತೆಗೆದು ಕಿಶೋರನ ಹೆಸರು ನೋಡಿದಳು. ಭುಜದ ಮೇಲಿನ ಕೈ ಸರಿಯಿತು.

"ನಿನ್ನ ಫೋನಿಗೆ ಯಾಕ ಮಾಡ್ತಾನ ಅಂವ?"

ಸುಳ್ಳು ಹೇಳಲು ರುದ್ರವ್ವನಿಗೆ ಒಂದು ಕ್ಷಣ ಸಿಕ್ಕಿತ್ತು. ಅದನ್ನು ಅವಳು ಬಳಸಿಕೊಳ್ಳಲಿಲ್ಲ.

"ನಾನ ಬಾ ಅಂದಿದ್ದೆ. ಕೆಳಗ ನಿಂತಾನ. ಸಿನಿಮಾ ನೋಡಿ ನಿನ್ನ ಮನಸು ಕರಗ್ತದ, ಹಂಗ ಕಳಿಸಿಬಿಡಬೇಕು ಅಂತ..."

"ಅಜ್ಜಿ ನಾಟಕಾ ತಿರುವಿಸಿದ್ಲು," ಭವ್ಯಶ್ರೀಯ ದನಿ ಮೆಲ್ಲಗಿತ್ತು. "ನೀನೂ ಅದನ್ನ ಮಾಡಾಕ ಬಂದಿ, ನಿನಗ ತಿರುವಿದ್ದು ಸಿಗಲಿಲ್ಲ. ಅಷ್ಟ."

ರುದ್ರವ್ವ ಮುರುಗೆಪ್ಪನ ಕೈಯಲ್ಲಿ ತಿಂದ ಯಾವ ಏಟೂ ಹೀಗೆ ಒಳಗೆ ಇಳಿದಿರಲಿಲ್ಲ.

ಫೋನು ಎತ್ತದ್ದರಿಂದ ಕಿಶೋರನೇ ಲಿಫ್ಟು ಹತ್ತಿ ಮೇಲೆ ಬಂದ. ಇಸ್ತ್ರಿಯ ಅಂಗಿ, ಕೈಯಲ್ಲಿ ಮಿಠಾಯಿಯ ಡಬ್ಬಿ. ಹೆಂಡತಿಯನ್ನು ನೋಡಿ ನಕ್ಕ. ರುದ್ರವ್ವ ಎರಡು ಹೆಜ್ಜೆ ಮುಂದೆ ಹೋಗಿ ಇಬ್ಬರ ನಡುವೆ ನಿಂತಳು.

"ಇಕಿ ಬರೂದಿಲ್ಲ, ಕಿಶೋರ. ನೀ ಹೋಗು."

ಅವನಿಗೆ ಅರ್ಥವಾಗಲಿಲ್ಲ. "ಅತ್ತಿ, ನೀವ ಬಾ ಅಂದ್ರಲ್ಲಾ?"

"ಹೌದಪಾ, ನಾನ ಅಂದೆ. ನಂದ ತಪ್ಪು. ಈಗ ನಾನ ಹೋಗು ಅಂತೀನಿ."

"ಮಂದಿ ನೋಡಾಕತ್ತಾರ. ಮನಿಗಿ ನಡೀರಿ, ಕುಂತು ಮಾತಾಡೂಣು."

"ಮಾತಾಡೂದು ಇಲ್ಲೇ ಮುಗೀತು."

ಅವನ ಮುಖ ಕೆಂಪಾಯಿತು. ಹಲ್ಲು ಕಚ್ಚಿ, ದನಿ ತಗ್ಗಿಸಿ, "ಒಂದ ಸಲ ಕೈ ಜಾರಿದ್ದಕ್ಕ ಇಷ್ಟ ಮಾಡ್ತೀರೇನ್ರಿ?" ಎಂದ.

"ನಿಮ್ಮ ಮಾವಂದೂ ಮೂವತ್ತೈದು ವರ್ಷ ಒಂದ ಸಲನ ಜಾರ್ತಿತ್ತು."

ಕಿಶೋರ ಅವಳ ಭುಜದ ಮೇಲಿಂದ ಹೆಂಡತಿಯ ಕಡೆ ನೋಡಿದ. ಭವ್ಯಶ್ರೀ ಅವನನ್ನು ನೇರವಾಗಿ ನೋಡಿದಳು. ಚಹಾ ಕುಡಿಯುತ್ತಿದ್ದವರು ಮಾತು ನಿಲ್ಲಿಸಿದ್ದರು. ಅವನು ಡಬ್ಬಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಅತ್ತಿತ್ತ ನೋಡಿ, ಕಡೆಗೆ ಹಿಡಿದುಕೊಂಡೇ ಲಿಫ್ಟಿನ ಕಡೆ ನಡೆದ.

ಬಸ್ ಸ್ಟಾಪಿನವರೆಗೂ ಮಗಳು ಮುಂದೆ, ರುದ್ರವ್ವ ಹಿಂದೆ. ಬಿಸಿಲು ಸುಡುತ್ತಿತ್ತು. "ನಿಧಾನ ನಡಿಯವ್ವಾ" ಎನ್ನಬೇಕೆನಿಸಿತು. ಇವತ್ತು ಅದನ್ನು ಹೇಳುವ ಹಕ್ಕು ತನಗಿಲ್ಲ ಎನಿಸಿ ಸುಮ್ಮನಾದಳು. ಬಸ್ಸು ಬಂತು, ತುಂಬಿತ್ತು. ಭವ್ಯಶ್ರೀ ನೂಕಿಕೊಂಡು ಡ್ರೈವರನ ಹತ್ತಿರದವರೆಗೂ ಹೋಗಿ, ಕಿಟಕಿಯ ಕಡೆ ಮುಖ ಮಾಡಿ ನಿಂತಳು. ರುದ್ರವ್ವ ಹಿಂದಿನ ಬಾಗಿಲ ಹತ್ತಿರವೇ ಸಿಕ್ಕಿಕೊಂಡಳು.

ಕಂಡಕ್ಟರ್ ಬಂದು ಎಲ್ಲಿಗೆಂದು ಮರಾಠಿಯಲ್ಲಿ ಕೇಳಿದ. "ಕುಠೇ, ಮಾವಶೀ?"

"ಮಾರ್ಕೆಟ್ ಯಾರ್ಡ್. ದೋನ್ ದ್ಯಾ."

"ದುಸರಂ ಕೋಣ?"

ಇನ್ನೊಬ್ಬರು ಯಾರೆಂದು ಕೇಳಿದ್ದಕ್ಕೆ ರುದ್ರವ್ವ ಮುಂದೆ ಬೆರಳು ಮಾಡಿ ಮಗಳನ್ನು ತೋರಿಸಿದಳು. ಒಂದು ಟಿಕೆಟ್ಟನ್ನು ತಾನಿಟ್ಟುಕೊಂಡು ಇನ್ನೊಂದನ್ನು ಪಕ್ಕದಲ್ಲಿದ್ದ ಹೆಂಗಸಿನ ಕೈಗೆ ಕೊಟ್ಟಳು. ಆ ಹೆಂಗಸು ಅದನ್ನು ಮುಂದಿನವನಿಗೆ ಕೊಟ್ಟಳು. ಅವನು ಕಂಬಿ ಹಿಡಿದು ನಿಂತಿದ್ದ ಹುಡುಗಿಗೆ ಕೊಟ್ಟ. ಚೂರು ಕಾಗದ ಕೈಯಿಂದ ಕೈಗೆ, ತಲೆಗಳ ಮೇಲಿಂದ, ಮುಂದೆ ಮುಂದೆ ಹೋಯಿತು. ಭವ್ಯಶ್ರೀ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಕೈಯೊಂದನ್ನು ಮಾತ್ರ ಹಿಂದಕ್ಕೆ ಚಾಚಿದಳು.